ಸಂತೆಯ ಪುಡಿಗೆ ಕನ್ನಡ ಬರುತ್ತದೆ

ಹೋದ ಸಂಕ್ರಾಂತಿಗೆ ಬೈಲಹೊಂಗಲ ಕಡೆಯ ನಮ್ಮೂರಿಗೆ ಹೋದಾಗ ಸೋದರತ್ತಿಯ ಮುಖ ನೋಡಿ ಖುಷಿಪಟ್ಟಿದ್ದೆ. ಕೆನ್ನೆ ತುಂಬಿಕೊಂಡಿದ್ದವು. ವರ್ಷದ ಹಿಂದೆ ಮೊಣಕಾಲು ಹಿಡಿದುಕೊಂಡು ಕಟ್ಟೆ ಇಳಿಯುತ್ತಿದ್ದವಳು ಸರಸರನೆ ಓಡಾಡುತ್ತಿದ್ದಳು. "ಸಂತ್ಯಾಗ ಒಬ್ಬಾಂವ ಪುಡಿ ಕೊಟ್ಟಾನ ತಮ್ಮಾ. ನಾಕ ದಿನದಾಗ ನೋವು ಹಾರಿಹೋತು ನೋಡು. ನಾರು-ಬೇರಿನ ಔಷಧ, ಸೈಡ್ ಇಫೆಕ್ಟ್ ಏನೂ ಇಲ್ಲಂತ" ಅಂದಳು. ಆರು ತಿಂಗಳಿಂದ ತಗೊಳ್ಳುತ್ತಿದ್ದಳಂತೆ. ಕಾಗದದ ಪೊಟ್ಟಣದ ಮೇಲೆ ಒಂದಕ್ಷರ ಇರಲಿಲ್ಲ. ನಾನು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ.

ನಾನು ಜರ್ಮನಿಯ ಆಖೆನ್‌ಗೆ ಮರಳಿ ಮೂರು ವಾರಕ್ಕೆ ಫೋನ್ ಬಂತು. ಪುಡಿ ಮುಗಿದಿತ್ತು, ಆ ಮನುಷ್ಯ ಸಂತೆಗೆ ಬಂದಿರಲಿಲ್ಲ. ಅತ್ತಿ ವಾಂತಿ ಮಾಡಿಕೊಂಡು, ತಲೆ ತಿರುಗಿ ಅಂಗಳದಲ್ಲಿ ಬಿದ್ದಿದ್ದಳು. ಬೆಳಗಾವಿಯ ದವಾಖಾನೆಗೆ ಮುಟ್ಟಿಸಿದಾಗ ಬಿಪಿ ಪಾತಾಳಕ್ಕಿಳಿದಿತ್ತು. ವೈದ್ಯರು ಮುಖ ನೋಡಿದವರೇ ಕೇಳಿದ ಮೊದಲ ಮಾತು: "ಯಾವ ಪುಡಿ ತಗೋತಿದ್ರಿ ಅಜ್ಜಿ?"

ಪುಡಿಯಲ್ಲಿ ಸ್ಟೆರಾಯ್ಡ್ ಬೆರೆಸಿದ್ದರು ಎಂಬುದು ಅವರ ಅಂದಾಜು. ಸಂದುನೋವಿನ, ದಮ್ಮಿನ 'ನಾಟಿ' ಪುಡಿಗಳಲ್ಲಿ ಇದು ಹಳೆಯ ಕಲಬೆರಕೆ. ನೋವು ಖರೇನೇ ಹೋಗುತ್ತದೆ, ಅದಕ್ಕೇ ಜನ ನಂಬುತ್ತಾರೆ. ಒಳಗೊಳಗೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ. ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ದಿನವೂ ತಯಾರಿಸುವ ಕಾರ್ಟಿಸಾಲ್ ಎಂಬ ದೇಹದ್ದೇ ಸ್ಟೆರಾಯ್ಡಿನ ಕೆಲಸವನ್ನು ಹೊರಗಿನ ಮದ್ದು ಮಾಡತೊಡಗಿದರೆ ಗ್ರಂಥಿಗಳು ಮಲಗಿಬಿಡುತ್ತವೆ. ಮದ್ದನ್ನು ಒಮ್ಮೆಲೇ ನಿಲ್ಲಿಸಿದರೆ ದೇಹಕ್ಕೆ ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ. ಅತ್ತಿ ಬಿದ್ದದ್ದು ಹೀಗೆ.

ಹಾಗಂತ ಸ್ಟೆರಾಯ್ಡನ್ನು ಬೈಯಲು ನನಗೆ ಮನಸ್ಸಿಲ್ಲ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಎಂಬ ಔಷಧ ಪ್ರಯೋಗದ ಫಲಿತಾಂಶ ಬಂದಾಗ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಮೂರರಲ್ಲೊಂದು ಪಾಲು, ಆಮ್ಲಜನಕ ಹಚ್ಚಿದವರ ಸಾವನ್ನು ಐದರಲ್ಲೊಂದು ಪಾಲು ಇಳಿಸಿದ್ದು ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಸ್ಟೆರಾಯ್ಡ್. ಅದೇ ಫಲಿತಾಂಶದಲ್ಲಿ ಇನ್ನೊಂದು ಸಾಲಿತ್ತು: ಆಮ್ಲಜನಕ ಬೇಡದವರಿಗೆ ಅದರಿಂದ ಲಾಭವಿಲ್ಲ. ಮರುವರ್ಷ ನಮ್ಮಲ್ಲಿ ಆ ಸಾಲನ್ನು ಮರೆತು ಮನೆಮನೆಯಲ್ಲಿ ಗುಳಿಗೆ ನುಂಗಿದರು. ಸಕ್ಕರೆ ಕಾಯಿಲೆ ಇದ್ದವರಿಗೆ ಕಪ್ಪು ಶಿಲೀಂಧ್ರ ಅಂಟಲು ಅದೂ ಒಂದು ಕಾರಣವಾಯಿತು.

ನಾನಿರುವ ಊರಿನ ಪಕ್ಕದಲ್ಲೇ ಷ್ಟೋಲ್ಬರ್ಗ್ ಇದೆ. 1957ರಲ್ಲಿ ಕಾಂಟರ್ಗಾನ್ ಎಂಬ ನಿದ್ದೆಯ ಗುಳಿಗೆ ಮಾರುಕಟ್ಟೆಗೆ ಬಂದದ್ದು ಅಲ್ಲಿಂದ. ಏನೂ ಅಪಾಯವಿಲ್ಲ ಅಂತಲೇ ಮಾರಿದರು. ಬಸುರಿಯರು ಓಕರಿಕೆಗೂ ತಗೊಂಡರು. 1961ರ ನವೆಂಬರ್‌ನಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಜಗತ್ತಿನಲ್ಲಿ ಸುಮಾರು ಹತ್ತು ಸಾವಿರ ಕೂಸುಗಳು ಕೈಕಾಲು ಬೆಳೆಯದೆ ಹುಟ್ಟಿದ್ದವು. ಆ ಕೂಸುಗಳಿಗೆ ಈಗ ಅರವತ್ತು ದಾಟಿದೆ. ನಮ್ಮ ಬೀದಿಯ ಬೇಕರಿಯಲ್ಲಿ ಒಬ್ಬ ಹೆಣ್ಣುಮಗಳು ಭುಜಕ್ಕೆ ಅಂಟಿದಂತಿರುವ ಪುಟ್ಟ ಕೈಯಿಂದ ಚಿಲ್ಲರೆ ಎಣಿಸಿ ಕೊಡುವುದನ್ನು ವಾರವಾರ ನೋಡುತ್ತೇನೆ. ಮದ್ದಿನ ವಿಷಯದಲ್ಲಿ ಇಲ್ಲಿಯವರಿಗಿರುವ ಎಚ್ಚರವನ್ನು ಜರ್ಮನ್ ಶಿಸ್ತು ಅಂತ ನಮ್ಮವರು ಹೊಗಳುತ್ತಾರೆ. ನನಗೆ ಆ ಕೈ ಕಾಣುತ್ತದೆ. ಮಾರುವ ಮೊದಲೇ ಮದ್ದು ಸುರಕ್ಷಿತ, ಗುಣಕಾರಿ ಅಂತ ತೋರಿಸಬೇಕೆಂಬ ಬಿಗಿ ಕಾನೂನು ಇಲ್ಲಿ ಆದದ್ದು 1976ರಲ್ಲಿ. ಆ ಕಾಂಟರ್ಗಾನ್ ಗುಳಿಗೆಯೊಳಗಿದ್ದ ಮದ್ದು ಥಾಲಿಡೊಮೈಡ್, ಕಟ್ಟುನಿಟ್ಟಿನ ಕಾವಲಿನಲ್ಲಿ, ಇವತ್ತು ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ಉಪಯೋಗವಾಗುತ್ತಿದೆ.

ಕಾಗದದ ಮೇಲೆ ನಾವೇನೂ ಹಿಂದಿಲ್ಲ. ಪವಾಡದ ಮದ್ದುಗಳ ಜಾಹೀರಾತಿನ ವಿರುದ್ಧ ನಮ್ಮ ಕಾಯ್ದೆ ಬಂದದ್ದು 1954ರಲ್ಲೇ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಸೇರಿ, ಮದ್ದಿನ ಜಾಹೀರಾತು ಕೊಡಬಾರದ 54 ರೋಗ-ತೊಂದರೆಗಳ ಪಟ್ಟಿಯೂ ಅದರಲ್ಲಿದೆ. ಬಸ್‌ಸ್ಟ್ಯಾಂಡಿನ ಗೋಡೆ ನೋಡಿದರೆ ಆ ಕಾಯ್ದೆ ಎಲ್ಲಿದೆ ಅಂತ ತಿಳಿಯುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಇಲ್ಲಿ ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಜರ್ಮನ್ ಭಾಷೆಯಲ್ಲಿದೆ. ಹತ್ತರಲ್ಲಿ ಒಬ್ಬರಿಗೆ ಹೀಗಾಗಬಹುದು, ಸಾವಿರದಲ್ಲಿ ಒಬ್ಬರಿಗೆ ಹಾಗಾಗಬಹುದು ಅಂತ ಲೆಕ್ಕ ಹಾಕಿ ಬರೆದಿರುತ್ತಾರೆ. ಕಣ್ಣಿಲ್ಲದವರಿಗೆ ಡಬ್ಬಿಯ ಮೇಲೆ ಬ್ರೈಲ್ ಇದೆ. ಓದಿ ಹೆದರಿ ಗುಳಿಗೆ ಬಿಟ್ಟವರೂ ಉಂಟು, ಅದೇ ಅಂಗಡಿಯಲ್ಲಿ ಸಕ್ಕರೆಯ ಸಣ್ಣ ಗುಂಡುಗಳನ್ನು ಮದ್ದೆಂದು ಕೊಳ್ಳುವವರೂ ಉಂಟು. ಆದರೂ ಮದ್ದು ಅವರ ಮಾತಿನಲ್ಲಿ ಅವರೊಡನೆ ಮಾತಾಡುತ್ತದೆ.

ಅತ್ತಿ ದಿನಾ ಕನ್ನಡ ಪೇಪರ್ ಓದುವವಳು. ಆಕೆಯ ಬಿಪಿ ಗುಳಿಗೆಯ ಪಟ್ಟಿಯ ಮೇಲೆ ಒಂದು ಕನ್ನಡ ಅಕ್ಷರವಿಲ್ಲ. ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತರೆ ಎರಡು ನಿಮಿಷ ಸಿಗುತ್ತದೆ. ಸಂತೆಯವನು ಅರ್ಧ ತಾಸು ಕೂತು, "ಯವ್ವಾ, ರಾತ್ರಿ ನಿದ್ದಿ ಬರತೈತೇನ?" ಅಂತ ಕೇಳಿದ್ದ. ಖರೇ ಮದ್ದು ಮೂಕವಾಗಿರುವ ಕಡೆ ಸುಳ್ಳು ಮದ್ದು ನಮ್ಮ ಮಾತಿನಲ್ಲೇ ಸಮಾಧಾನ ಹೇಳುತ್ತದೆ. ಅತ್ತಿಯನ್ನು ದಡ್ಡಿ ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಖರೇ ಮದ್ದನ್ನು ನಮ್ಮ ಮಾತಿನಲ್ಲಿ ಮಾತಾಡಿಸುವುದು ನಮ್ಮಿಂದ ಆಗದ ಕೆಲಸವೇನಲ್ಲ. 2002ರಿಂದ 2005ರವರೆಗೆ ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪರೀಕ್ಷೆ ನಡೆಯಿತು. ಹೆರಿಗೆಯಾದ ಕೂಡಲೇ ರಕ್ತ ಹರಿದು ತಾಯಂದಿರು ಸಾಯುವುದನ್ನು ಅದು ತಡೆಯಬಲ್ಲದೇ ಎಂಬುದು ಪ್ರಶ್ನೆ. 1,620 ಹೆಣ್ಣುಮಕ್ಕಳು ಒಪ್ಪಿ ಸೇರಿದರು. ಚೀಟಿ ಎತ್ತಿದ ಹಾಗೆ ಕೆಲವರಿಗೆ ಖರೇ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ. ಕೊಟ್ಟವರು ಮನೆಯಲ್ಲೂ ಉಪಕೇಂದ್ರದಲ್ಲೂ ಹೆರಿಗೆ ಮಾಡಿಸುತ್ತಿದ್ದ ನಮ್ಮ ನರ್ಸಬಾಯಿಗಳು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ಅದನ್ನು ಅಚ್ಚು ಹಾಕಿತು. ಫ್ರಿಜ್ ಬೇಡ, ಸೂಜಿ ಬೇಡ, ನುಂಗಿದರೆ ಸಾಕು. ಇದನ್ನು ಪವಾಡ ಅನ್ನಲು ನನಗೇನೂ ಸಂಕೋಚವಿಲ್ಲ. ಮೈನಡುಕ, ಜ್ವರ ಬರುತ್ತವೆ ಎಂಬುದನ್ನೂ ಅದೇ ಬರಹದಲ್ಲಿ ಎಣಿಸಿ ಹೇಳಿದ್ದಾರೆ. ಅದೇ ಗುಳಿಗೆಯನ್ನು ಕದ್ದುಮುಚ್ಚಿ ಗರ್ಭ ಇಳಿಸಲು ನುಂಗಿ, ರಕ್ತ ನಿಲ್ಲದೆ ದವಾಖಾನೆ ಸೇರುವವರೂ ಇದ್ದಾರೆ.

ಆ ನರ್ಸಬಾಯಿಗಳು ಬಾಣಂತಿಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳಿದ ಹಾಗೆ ಪ್ರತಿ ಗುಳಿಗೆಯ ಜೊತೆ ಒಂದು ಕನ್ನಡ ಚೀಟಿ ಯಾಕೆ ಬರಬಾರದು? ಏಳೆಂಟು ಸಾಲು ಸಾಕು: ಯಾಕೆ, ಎಷ್ಟು, ಎಷ್ಟು ದಿನ, ಏನಾದರೆ ದವಾಖಾನೆಗೆ ಓಡಬೇಕು. ಡಬ್ಬಿಯಲ್ಲಿ ಜಾಗ ಇಲ್ಲ ಅನ್ನುವವರು ಇಲ್ಲಿಯ ಡಬ್ಬಿ ಬಿಚ್ಚಿ ನೋಡಲಿ.

ಅತ್ತಿಗೆ ಈಗ ವೈದ್ಯರೇ ಸ್ಟೆರಾಯ್ಡ್ ಕೊಟ್ಟಿದ್ದಾರೆ, ವಾರವಾರ ಇಳಿಸುತ್ತ ಬರಲು. ಮೊಮ್ಮಗಳು ಡಬ್ಬಿಯ ಮೇಲೆ ಕಾಗದ ಅಂಟಿಸಿ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ: "ಮುಂಜಾನೆ ನಾಷ್ಟಾ ಆದಮ್ಯಾಲೆ. ತಾನಾಗಿ ಬಿಡಬಾರದು." ಮೊಣಕಾಲು ನೋವು ಮತ್ತೆ ಬಂದಿದೆ. ಹೋದ ಆಯಿತವಾರ ವಿಡಿಯೋ ಕಾಲ್‌ನಲ್ಲಿ ಅತ್ತಿ ಆ ಡಬ್ಬಿಯನ್ನು ಕ್ಯಾಮರಾಕ್ಕೆ ಹಿಡಿದು ಕೇಳಿದಳು: "ಇದರದೇನಪಾ ಸೈಡ್ ಇಫೆಕ್ಟ್? ಎಲ್ಲಾ ಓದಿ ಹೇಳು." ಅದೇ ಮದ್ದಿನ ಜರ್ಮನ್ ಚೀಟಿ ಬಿಡಿಸಿಕೊಂಡು, ಒಂದೊಂದೇ ಸಾಲು ಕನ್ನಡ ಮಾಡಿ ಹೇಳುತ್ತ ಹೋದೆ. ಮುಕ್ಕಾಲು ತಾಸು ಹಿಡಿಯಿತು.