ದೆವ್ವದ ಸಿನಿಮಾ ಅಂತ ನಗುವವರಿಗೆ

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಒಂದಷ್ಟು ಜನ ಸೇರಿ ಇಟಲಿಯ ನಿರ್ದೇಶಕ ಮಾರಿಯೋ ಬಾವಾನ ದೆವ್ವದ ಸಿನಿಮಾ ‘ಕಿಲ್, ಬೇಬಿ... ಕಿಲ್!’ (1966) ನೋಡ್ತಾ ಇದ್ವಿ. ಡಾಕ್ಟರು ಒಬ್ಬನನ್ನು ಅಟ್ಟಿಸಿಕೊಂಡು ಹೋಗ್ತಾನೆ. ಒಂದು ಕೋಣೆ, ಬಾಗಿಲು, ಮತ್ತೆ ಅದೇ ಕೋಣೆ, ಮತ್ತೆ ಅದೇ ಬಾಗಿಲು. ಕೊನೆಗೆ ಮುಂದೆ ಓಡುತ್ತಿದ್ದವನನ್ನು ಹಿಡಿದು ತಿರುಗಿಸಿದರೆ ಅವನದೇ ಮುಖ! ನನಗೆ ಮೈ ಜುಮ್ಮೆಂದಿತು. ಹಿಂದಿನ ಸಾಲಲ್ಲಿ ಕಿಸಕ್ಕನೆ ನಗು. ‘ಬಿ ಗ್ರೇಡ್ ದೆವ್ವದ ಪಿಚ್ಚರ್ರು, ಇದಕ್ಯಾಕಪ್ಪಾ ಇಷ್ಟು ದೂರ ಬಂದ್ವಿ’ ಅಂತ ಗೊಣಗಾಟ ಬೇರೆ.

ಹೀಗೆ ನಕ್ಕವರೇ ಇಟಲಿಯ ಇನ್ನೊಬ್ಬ ನಿರ್ದೇಶಕ ಫೆಲಿನಿ ಅಂದರೆ ಎದ್ದು ನಿಲ್ಲುವವರು. ಅದೇ ಫೆಲಿನಿಯ ‘ಟೋಬಿ ಡ್ಯಾಮಿಟ್’ನಲ್ಲಿ (1968) ಸೈತಾನ ಬರುವುದು ಬಿಳಿ ಚೆಂಡು ಹಿಡಿದ ಪುಟ್ಟ ಹುಡುಗಿಯ ರೂಪದಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ‘ಕಿಲ್, ಬೇಬಿ’ಯ ದೆವ್ವದ ಹುಡುಗಿ ಮೆಲಿಸ್ಸಾ ಚೆಂಡು ಪುಟಿಸುತ್ತಾ ಊರನ್ನೇ ನಡುಗಿಸಿದ್ದಳು. ಅಲ್ಲಿ ಕಂಡರೆ ಕಲೆ, ಇಲ್ಲಿ ಕಂಡರೆ ನಗೆಪಾಟಲು. ಇದ್ಯಾವ ನ್ಯಾಯ?

ಕಥೆ ಜಾಳು, ಡಬ್ಬಿಂಗ್ ತುಟಿಗೆ ಕೂರೋದಿಲ್ಲ ಅಂತಾರೆ. ಕಥೆಯ ಮಾತು ಒಪ್ಪೋಣ. ಡಬ್ಬಿಂಗ್ ಬಗ್ಗೆ ಮಾತ್ರ ದಯವಿಟ್ಟು ಎತ್ತಬೇಡಿ. ಆ ಕಾಲದ ಇಟಲಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಚಿತ್ರೀಕರಣ ಮುಗಿಸಿ ಆಮೇಲೆ ಮಾತು ಸೇರಿಸುತ್ತಿದ್ದವರೇ, ಫೆಲಿನಿಯೂ ಸೇರಿ.

ಬಾವಾ ಮೂಲತಃ ಕ್ಯಾಮೆರಾಮನ್. ಅವನಪ್ಪನೂ ಮೂಕಿ ಚಿತ್ರಗಳ ಕಾಲದ ಕ್ಯಾಮೆರಾಮನ್. ಬಾವಾ ಕ್ಯಾಮೆರಾ ಹಿಡಿದ 1957ರ ‘ಇ ವಾಂಪೀರಿ’ಯಲ್ಲಿ ಸುಂದರಿಯೊಬ್ಬಳು ನಮ್ಮ ಕಣ್ಣೆದುರೇ, ಒಂದೇ ಶಾಟ್‌ನಲ್ಲಿ ಮುದುಕಿಯಾಗುತ್ತಾಳೆ. ಮುಖದ ಮೇಲೆ ಸುಕ್ಕುಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ಕೆಂಪು ಗೆರೆ ಕೆಂಪು ಫಿಲ್ಟರಿನಲ್ಲಿ ಕಪ್ಪುಬಿಳುಪು ಫಿಲ್ಮಿಗೆ ಕಾಣೋದೇ ಇಲ್ಲ. ಹಸಿರಿಗೆ ಬದಲಾಯಿಸಿದ್ದೇ ತಡ, ಅದೇ ಗೆರೆ ಕಪ್ಪಾಗಿ ಮೂಡುತ್ತದೆ. ಕಂಪ್ಯೂಟರ್ ಇಲ್ಲ, ಕತ್ತರಿಯೂ ಇಲ್ಲ! 1965ರ ‘ಪ್ಲಾನೆಟ್ ಆಫ್ ದಿ ವ್ಯಾಂಪೈರ್ಸ್’ಗೆ ದುಡ್ಡಿರಲಿಲ್ಲ. ಒಂದೆರಡು ಪ್ಲಾಸ್ಟಿಕ್ ಬಂಡೆ, ಕನ್ನಡಿ, ಹೊಗೆ, ಬಣ್ಣದ ದೀಪ ಇಷ್ಟರಲ್ಲೇ ಇಡೀ ಗ್ರಹ ಕಟ್ಟಿದ. ಈ ಕಸುಬನ್ನು ನೋಡಿ ನಗೋದಕ್ಕೆ ಮನಸ್ಸಾದರೂ ಹೇಗೆ ಬರುತ್ತೆ?

ನಾನು ಚಿತ್ರಕಲೆ ಹುಚ್ಚಿನವಳು ಅಂತ ನಿಮಗೆಲ್ಲ ಗೊತ್ತು. ಬಾವಾನಿಗೂ ಪೇಂಟರ್ ಆಗುವ ಆಸೆಯಿತ್ತಂತೆ. ‘ಕಿಲ್, ಬೇಬಿ’ಯ ಸುರುಳಿ ಮೆಟ್ಟಿಲು ನೋಡಿ. ಮೇಲಿಂದ ಕೆಳಕ್ಕೆ ಸುತ್ತುತ್ತಾ ಇಳಿಯುವ ಹಸಿರು ಬೆಳಕಿನಲ್ಲಿ ಗೋಡೆಯ ಕಲ್ಲೇ ಪಾಚಿಗಟ್ಟಿದ ಹಾಗೆ ಕಾಣುತ್ತದೆ. ಅಂಥ ಹಸಿರನ್ನು ಕ್ಯಾನ್ವಾಸ್ ಮೇಲೆ ತರೋದಕ್ಕೆ ನಾನು ಒದ್ದಾಡಿದ್ದು ನನಗೇ ಗೊತ್ತು. ಗಂಭೀರ ಸಿನಿಮಾ ಯಾವುದು ಅಂತ ಬೇರೆಯವರು ಬರೆದ ಪಟ್ಟಿ ಹಿಡಿದುಕೊಂಡು ಬಂದವರಿಗೆ ಅದು ಕಾಣಲಿಲ್ಲ ಅನ್ನೋದೇ ನನ್ನ ಸಂಕಟ.

ಬಾವಾನನ್ನು ನೋಡದವರು 1960ರ ‘ಬ್ಲ್ಯಾಕ್ ಸಂಡೇ’ಯಿಂದ ಶುರುಮಾಡಿ. ಮೊಬೈಲಿನಲ್ಲಿ ಬೇಡ. ದೊಡ್ಡ ಪರದೆ ಇರೋರ ಮನೆ ಹುಡುಕಿ, ದೀಪ ಆರಿಸಿ ಕೂತು ನೋಡಿ. ಯಾರೂ ಸಿಗದಿದ್ದರೆ ನಮ್ಮನೆಗೆ ಬನ್ನಿ, ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸ್ತೀನಿ.