ಅವ್ರಿಲ್‌ಗೆ 13 ಹಾಕೋದಾ 43 ಹಾಕೋದಾ

ಹೋದ ಭಾನುವಾರ ರಾತ್ರಿ ಅಕ್ಕನ ಮಗಳು ಹಾಸ್ಟೆಲಿಂದ ಫೋನ್ ಮಾಡಿ, ಊಟ ಆಯ್ತಾ ಅಂತ ಕೂಡ ಕೇಳದೆ ಸೀದಾ ಜಗಳಕ್ಕೇ ಬಂದ್ಲು. "ಮಾಮಾ, ಅವ್ರಿಲ್ ಲವೀನ್ ಪಂಕ್ ಅಂತ ನೀನೇ ಅಲ್ವಾ ಹೇಳಿದ್ದು? ಇಲ್ಲಿ ನನ್ನ ರೂಮ್‌ಮೇಟು ಬಿದ್ದು ಬಿದ್ದು ನಗ್ತಿದಾಳೆ, ಅವ್ಳು ಬರೀ ಪಾಪ್ ಅಂತೆ, ಪೋಸರ್ ಅಂತೆ." (ಅವ್ರಿಲ್ ಅಂದ್ರೆ ಕೆನಡಾದ ಗಾಯಕಿ, ಪಂಕ್ ಅಂದ್ರೆ ಒರಟಾಗಿ ಜೋರಾಗಿ ಓಡೋ ಒಂದು ತರದ ರಾಕ್, ಪೋಸರ್ ಅಂದ್ರೆ ಬರೀ ವೇಷ ಹಾಕೋರು.) ನಾನು ಯಾವಾಗ ಹೇಳಿದ್ನೋ ನೆನಪಿಲ್ಲ, ಆದ್ರೆ ಹೇಳಿರ್ತೀನಿ, ಯಾಕಂದ್ರೆ ಇಪ್ಪತ್ತು ವರ್ಷದ ಹಿಂದೆ ಇದೇ ವಿಷಯಕ್ಕೆ ನಾನೂ ನನ್ನ ಫ್ರೆಂಡೂ ಒಂದಿಡೀ ವಾರ ಮಾತು ಬಿಟ್ಟಿದ್ವಿ.

ಅದು 2003. ಹಾಸನದಲ್ಲಿ ಮನೆಗೆ ಹೊಸದಾಗಿ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಬಂದಿತ್ತು. ಅಲ್ಲಿ ತನಕ ನಮ್ಮೂರ ಕ್ಯಾಸೆಟ್ ಅಂಗಡೀಲಿ ಜಾನರ್ ಅಂದ್ರೆ ಭಕ್ತಿಗೀತೆ, ಭಾವಗೀತೆ, ಜನಪದ, ಕನ್ನಡ ಸಿನಿಮಾ, ಹಿಂದಿ ಸಿನಿಮಾ, ಕೊನೇ ಖಾನೇಲಿ "ಇಂಗ್ಲಿಷ್". ಅಷ್ಟೇ. ಬೋನಿ ಎಂ, ಮೈಕಲ್ ಜಾಕ್ಸನ್, ಮೆಟಾಲಿಕಾ ಎಲ್ಲ ಒಂದೇ ಖಾನೇಲಿ ಅಕ್ಕಪಕ್ಕ ಸಂಸಾರ ಮಾಡ್ಕೊಂಡಿದ್ರು, ಯಾರೂ ತಕರಾರು ಎತ್ತಿರ್ಲಿಲ್ಲ. ಆಮೇಲೆ ಬಂತು ನೋಡಿ ಬರ್ನ್ ಮಾಡಿದ ಸಿಡಿ, ಅದ್ರಲ್ಲಿ ನೂರೈವತ್ತು ಎಂಪಿತ್ರೀ, ಎಲ್ಲದಕ್ಕೂ "ಟ್ರ್ಯಾಕ್ 03", "ಟ್ರ್ಯಾಕ್ 04" ಅಂತ ಹೆಸರು. ವಿನ್‌ಆಂಪಲ್ಲಿ (ಆಗ ಹಾಡು ಕೇಳ್ತಿದ್ದ ಸಾಫ್ಟ್‌ವೇರು) ಆಲ್ಟ್ ಹಿಡ್ಕೊಂಡು 3 ಒತ್ತಿದ್ರೆ ಒಂದು ಪುಟ್ಟ ಡಬ್ಬಿ ತೆರ್ಕೊಳ್ತಿತ್ತು, ಅದ್ರಲ್ಲಿ ಹಾಡಿನ ಹೆಸ್ರು, ಹಾಡಿದೋರು, ಆಲ್ಬಮ್, ವರ್ಷ ಎಲ್ಲ ತುಂಬ್ತಾ ಬಂದು ಕೊನೇಲಿ ಜಾನರ್ ಅನ್ನೋ ಕಡೆ ನಿಂತ್ಕೋತಿದ್ವಿ.

ಅಲ್ಲೇ ಶುರುವಾಗಿದ್ದು ಜಗಳ. ಆ ಡಬ್ಬೀಲಿ ತುಂಬಿದ್ದೆಲ್ಲ ಕೂರೋ ಜಾಗಕ್ಕೆ ಐಡಿ ತ್ರೀ ಟ್ಯಾಗ್ ಅಂತಾರೆ, ಹಳೇದು ಅಂದ್ರೆ ಫೈಲಿನ ಬಾಲದಲ್ಲಿರೋ 128 ಬೈಟ್, ಅದ್ರಲ್ಲಿ ಕಟ್ಟಕಡೇ ಒಂದೇ ಒಂದು ಬೈಟ್ ಜಾನರ್‌ಗೆ. ಒಂದು ಬೈಟ್ ಅಂದ್ರೆ ಒಂದು ನಂಬರ್, ಒಂದು ನಂಬರ್ ಅಂದ್ರೆ ಒಂದೇ ಜಾನರ್, ಅದೂ ಇದೂ ಎರಡೂ ಅನ್ನೋ ಹಾಗಿಲ್ಲ. 2 ಅಂದ್ರೆ ಕಂಟ್ರಿ (ಅಮೆರಿಕದ ಹಳ್ಳಿ ಕಡೆ ಹಾಡು), 13 ಪಾಪ್, 17 ರಾಕ್, 43 ಪಂಕ್. (ನಂಬರುಗಳು ಗೊತ್ತಾಗಿದ್ದು ಆಮೇಲೆ, ಕೆಲಸಕ್ಕೆ ಸೇರಿದ್ಮೇಲೆ. ಆಗ ನಮ್ಗೆ ಕಾಣ್ತಿದ್ದಿದ್ದು ಬರೀ ಹೆಸರಿನ ಪಟ್ಟಿ.) ಆ ಪಟ್ಟೀಲಿ ಪಾಪ್-ಫೋಕ್ ಇತ್ತು, ಪಾಪ್/ಫಂಕ್ ಇತ್ತು, 23ನೇ ನಂಬರಲ್ಲಿ "ಪ್ರ್ಯಾಂಕ್ಸ್" ಅಂತ ಕೂಡ ಇತ್ತು, ಪಾಪ್-ಪಂಕ್ ಮಾತ್ರ ಇರ್ಲಿಲ್ಲ. ನಾನು ಪಂಕ್ ಅಂದೆ, ಅವ್ನು ಪಾಪ್ ಅಂದ. ಕಂಪ್ಯೂಟರ್ ನಮ್ಮನೇದಾದ್ರಿಂದ ಪಂಕ್ ಅಂತಾಯ್ತು.

ಈಗ ಕೇಳಿದ್ರೆ ಅವ್ನು ಹೇಳಿದ್ದೇ ಸರಿ ಅಂತೀನಿ, ಆದ್ರೆ ಅವ್ನು ಕೊಟ್ಟ ಕಾರಣ ಮಾತ್ರ ಪೂರ್ತಿ ತಪ್ಪು. ಅವ್ನ ವಾದ ಏನಂದ್ರೆ, ಪಂಕ್ ಅಂದ್ರೆ ಸರ್ಕಾರಕ್ಕೆ ಬೈಬೇಕು, ಹುಡುಗ ಹುಡುಗಿ ಪ್ರೀತಿ ಬಗ್ಗೆ ಹಾಡಿದ್ರೆ ಪಂಕ್ ಹೇಗಾಗುತ್ತೆ ಅಂತ. ಅಯ್ಯೋ ಮಾರಾಯ, ರಾಮೋನ್ಸ್ ಅನ್ನೋ ಪಂಕ್ ಬ್ಯಾಂಡು 1976ರಲ್ಲಿ ತಂದ ಮೊದಲ ಆಲ್ಬಮ್ಮಲ್ಲೇ, 14 ಹಾಡು, ಒಟ್ಟು ಅರ್ಧ ಗಂಟೆ ಕೂಡ ಇಲ್ಲ, ಅದ್ರಲ್ಲೇ "ನಿನ್ನ ಬಾಯ್‌ಫ್ರೆಂಡ್ ಆಗ್ಬೇಕು" ಅಂತ ಒಬ್ಬ ಗೋಗರೆಯೋ ಹಾಡಿದೆ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಬ್ಯಾಂಡಿನೋರು ಸಾಲ ಎತ್ತಿ ತಾವೇ ಖರ್ಚು ಹಾಕಿ 1977ರಲ್ಲಿ ಮೊದಲ ರೆಕಾರ್ಡ್ ತಂದ್ರು, ಅದಕ್ಕಿಂತ ಪಂಕ್ ಕೆಲಸ ಬೇರೆ ಇಲ್ಲ, ಮರುವರ್ಷ ಅವ್ರಿಗೆ ಹೆಸರು ತಂದುಕೊಟ್ಟಿದ್ದು ಬೇಡದೋರ ಮೇಲೆ ಮನಸ್ಸಾಗೋ ಸಂಕಟದ ಹಾಡು. ಇನ್ನು ನ್ಯೂಯಾರ್ಕಿನ ಸಿಬಿಜಿಬಿ ಕ್ಲಬ್ಬು, ಪಂಕ್ ಹುಟ್ಟಿದ ಮನೆ ಅಂತ ಎಲ್ರೂ ಕೈ ಮುಗಿಯೋ ಜಾಗ, ಅದರ ಹೆಸರಿನ ಅರ್ಥ ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್! ಬೋರ್ಡಲ್ಲಿ ಮೂರು ಜಾನರ್ ಇದ್ರೂ ಒಳಗೆ ಹೆಸರು ಮಾಡಿದ್ದು ನಾಲ್ಕನೇದು.

ಸರಿ, ಹಾಗಾದ್ರೆ ಸೌಂಡ್ ಕೇಳಿ ಹೇಳ್ಬೋದಾ? ಅದೂ ಕಷ್ಟ. ಅವ್ರಿಲ್‌ನ ಲೆಟ್ ಗೋ ಆಲ್ಬಮ್ ತಗೊಳ್ಳಿ, 2002ರ ಜೂನ್, ಅವಳಿಗಿನ್ನೂ 17. ಕಾಂಪ್ಲಿಕೇಟೆಡ್ ಹಾಡು ಹೆಡ್‌ಫೋನ್ ಹಾಕ್ಕೊಂಡು ಕೇಳಿ ನೋಡಿ: ಅಕೂಸ್ಟಿಕ್ ಗಿಟಾರು, ಹಿಂದೆ ನಿಧಾನಕ್ಕೆ ಲೂಪ್ ತರ ಸುತ್ತೋ ಬೀಟು, ಎಲ್ಲೂ ಗಲಾಟೆ ಇಲ್ಲ, ಅಪ್ಪಟ ಪಾಪ್. ಅದೇ ಸ್ಕೇಟರ್ ಬಾಯ್ ಹಾಕಿದ್ರೆ ಗಿಟಾರ್ ಕರಕರ ಅಂತ ಓಡುತ್ತೆ, ಡ್ರಮ್ಸು ಬೆನ್ನು ಹತ್ತಿದ ಹಾಗೆ ಬರುತ್ತೆ. ಎರಡನ್ನೂ ಅವಳ ಜೊತೆ ಕೂತು ಬರೆದು ಪ್ರೊಡ್ಯೂಸ್ ಮಾಡಿದ್ದು ಮಾತ್ರ ಮೇಟ್ರಿಕ್ಸ್ ಅನ್ನೋ ಅದೇ ಮೂರು ಜನದ ಟೀಮು. ಕ್ಲಿಫ್ ಮ್ಯಾಗ್ನೆಸ್ ಜೊತೆ ಮಾಡಿದ ಲೂಸಿಂಗ್ ಗ್ರಿಪ್ ಇನ್ನೂ ಒರಟು. ಗ್ರ್ಯಾಮಿ ಪ್ರಶಸ್ತಿಯವ್ರು ಏನ್ ಮಾಡಿದ್ರು ಅಂದ್ರೆ 2003ರಲ್ಲಿ ಕಾಂಪ್ಲಿಕೇಟೆಡ್‌ಗೆ ಪಾಪ್ ಗಾಯಕಿ ವಿಭಾಗದಲ್ಲಿ ನಾಮಿನೇಶನ್ ಕೊಟ್ರು, ಸ್ಕೇಟರ್ ಬಾಯ್‌ಗೆ ರಾಕ್ ಗಾಯಕಿ ವಿಭಾಗದಲ್ಲಿ ಕೊಟ್ರು. ಒಂದೇ ಹುಡುಗಿ, ಒಂದೇ ಆಲ್ಬಮ್, ಒಂದೇ ರಾತ್ರಿ, ಎರಡು ಖಾನೆ. (ಬಹುಮಾನ ಒಂದೂ ಬರ್ಲಿಲ್ಲ, ಅದು ಬೇರೆ ವಿಷಯ.) ಇದಕ್ಕೆಲ್ಲ ಮುಂಚೆ ಕೆನಡಾದ ಆಂಟೇರಿಯೋದಲ್ಲಿ ನಪನೀ ಅನ್ನೋ ಪುಟ್ಟ ಊರಲ್ಲಿ ಈಯಮ್ಮ ಹಾಡ್ತಿದ್ದಿದ್ದು ಕಂಟ್ರಿ! 1999ರಲ್ಲಿ ಒಂದು ಸ್ಪರ್ಧೆ ಗೆದ್ದು ಕಂಟ್ರಿ ಗಾಯಕಿ ಶನಾಯಾ ಟ್ವೇನ್ ಜೊತೆ ಸ್ಟೇಜ್ ಹತ್ತಿದ್ಳು. ಆಗ ಯಾರಾದ್ರೂ ಟ್ಯಾಗ್ ಮಾಡಿದ್ರೆ 2 ಹಾಕಿರೋರು.

ಆಮೇಲೆ ಡ್ರೆಸ್ಸು. ಬನಿಯನ್ ಮೇಲೆ ಟೈ, ಕಣ್ಣಿಗೆ ಕಪ್ಪು, ಕೈಯಲ್ಲಿ ಸ್ಕೇಟ್‌ಬೋರ್ಡು. ನಿಜ ಹೇಳ್ಬೇಕಂದ್ರೆ ನಾನು ಪಂಕ್ ಅಂತ ಹಟ ಹಿಡಿದಿದ್ದಕ್ಕೆ ಆ ಟೈ ಬಿಟ್ರೆ ಬೇರೆ ಆಧಾರ ಇರ್ಲಿಲ್ಲ.

ನಂಗೆ ಈ ವಿಷಯ ತಲೆಗೆ ಹೋಗಿದ್ದು ಗ್ರೀನ್ ಡೇ ಅನ್ನೋ ಬ್ಯಾಂಡಿನ ಕತೆ ಓದಿದ್ಮೇಲೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 924 ಗಿಲ್ಮನ್ ಅಂತ ಒಂದು ಜಾಗ ಇದೆ, 1986ರ ಕೊನೇ ದಿನ ಶುರುವಾಗಿದ್ದು, ಲಾಭಕ್ಕಲ್ಲ, ಹುಡುಗರೇ ಸೇರ್ಕೊಂಡು ಪುಕ್ಸಟ್ಟೆ ಕೆಲಸ ಮಾಡಿ ನಡೆಸೋದು, ಕುಡಿಯೋ ಹಾಗಿಲ್ಲ, ಹೊಡೆದಾಡೋ ಹಾಗಿಲ್ಲ, ದೊಡ್ಡ ಕಂಪನಿ ಜೊತೆ ಕಾಂಟ್ರ್ಯಾಕ್ಟ್ ಮಾಡ್ಕೊಂಡ ಬ್ಯಾಂಡುಗಳು ಆಗ ನುಡಿಸೋ ಹಾಗಿರ್ಲಿಲ್ಲ. ಗ್ರೀನ್ ಡೇ ಹುಡುಗರು ಬೆಳೆದಿದ್ದೇ ಅಲ್ಲಿ. 1993ರಲ್ಲಿ ರಿಪ್ರೈಸ್ ಅನ್ನೋ ದೊಡ್ಡ ಕಂಪನಿ ಜೊತೆ ಸೈನ್ ಮಾಡಿದ್ರು, ಗಿಲ್ಮನ್ ಬಾಗಿಲು ಮುಚ್ಚಿತು. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ ಬಹಿಷ್ಕಾರ, ಬೆಂಕಿ ಇಲ್ಲ ನೀರಿಲ್ಲ. 1994ರಲ್ಲಿ ಡೂಕಿ ಆಲ್ಬಮ್ ಬಂದು ಅಮೆರಿಕ ಒಂದರಲ್ಲೇ ಕೋಟಿಗೂ ಮೇಲೆ ಖರ್ಚಾಯ್ತು. ತಮಾಷೆ ಏನಂದ್ರೆ ವೆಲ್ಕಮ್ ಟು ಪ್ಯಾರಡೈಸ್ ಅನ್ನೋ ಹಾಡು ಡೂಕಿಯಲ್ಲೂ ಇದೆ, ಅದಕ್ಕೂ ಮುಂಚೆ ಲುಕೌಟ್ ಅನ್ನೋ ಪುಟ್ಟ ಲೇಬಲಲ್ಲಿ ಬಂದ ಕರ್ಪ್ಲಂಕ್ ಆಲ್ಬಮ್ಮಲ್ಲೂ ಇದೆ. ಅದೇ ಮೂರು ಜನ, ಅದೇ ಮಾತು, ಅದೇ ಟ್ಯೂನು. ಮೊದಲ್ನೇ ಸಲ ಹಾಡಿದಾಗ ಪಂಕ್, ಎರಡನೇ ಸಲ ಹಾಡಿದಾಗ ದುಡ್ಡಿಗೆ ಮಾರ್ಕೊಂಡೋರು. ಇವ್ರು ಮತ್ತೆ ಆ ಗಿಲ್ಮನ್ ಸ್ಟೇಜ್ ಹತ್ತಿ ನುಡಿಸಿದ್ದು 2015ರಲ್ಲಿ, ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ.

ಇದನ್ನ ಓದಿದಾಗ ನಂಗನ್ಸಿದ್ದು, ಬಹಿಷ್ಕಾರ ಹಾಕೋಕಾದ್ರೂ ಒಂದು ಊರು ಬೇಕಲ್ವಾ. ಗ್ರೀನ್ ಡೇ ಪಂಕ್ ಅನ್ನೋಕೆ ಗಿಟಾರ್ ಸ್ಪೀಡ್ ಅಳೀಬೇಕಾಗಿಲ್ಲ, ಹೊರಗೆ ಹಾಕಿದ್ರಲ್ಲ ಅದೇ ಸಾಕ್ಷಿ, ನೆಂಟರಲ್ಲದೋರ ಜೊತೆ ಯಾರೂ ಮಾತು ಬಿಡಲ್ಲ. ಅವ್ರಿಲ್‌ನ ಯಾವ ಗಿಲ್ಮನ್ ಹೊರಗೆ ಹಾಕ್ತು? ಯಾವುದೂ ಇಲ್ಲ, ಯಾಕಂದ್ರೆ ಅವಳು ಬಂದಿದ್ದೇ ಆ ಬಾಗಿಲಿಂದಲ್ಲ, ಸಂತೆ ಜಾತ್ರೇಲಿ ಹಾಡ್ಕೊಂಡಿದ್ದೋಳು ಸೀದಾ ಅರಿಸ್ಟಾ ಅನ್ನೋ ದೊಡ್ಡ ಕಂಪನಿ ಬಾಗಿಲಿಂದ ಬಂದ್ಳು. ಇದು ತಪ್ಪು ಅಂತ ನಾನು ಹೇಳ್ತಿಲ್ಲ. "ಬರೀ ಪಾಪ್" ಅಂತಾರಲ್ಲ, ಆ "ಬರೀ" ನೋಡಿದ್ರೇ ಮೈ ಉರಿಯೋದು. ಮೂರೂವರೆ ನಿಮಿಷದಲ್ಲಿ ಪ್ರಪಂಚದ ಅರ್ಧ ಹುಡುಗೀರ ಬಾಯಲ್ಲಿ ಕೂರೋ ಸಾಲು ಕಟ್ಟೋದು ಹುಡುಗಾಟಾನಾ? ಗರ್ಲ್‌ಫ್ರೆಂಡ್ ಹಾಡಿನ ಪಲ್ಲವೀನ ಜಪಾನೀಸ್, ಮ್ಯಾಂಡರಿನ್ ಎಲ್ಲ ಸೇರಿ ಎಂಟು ಭಾಷೇಲಿ ಹಾಡಿದಾಳೆ. ಇದು ಊರಿಗೆಲ್ಲ ಕೇಳಿಸ್ಬೇಕು ಅನ್ನೋ ಪಾಪ್ ಬುದ್ಧಿ, ಪಂಕ್‌ಗೆ ಆ ಆಸೆ ಇದ್ರೂ ಬಾಯಿಬಿಟ್ಟು ಹೇಳೋಕೆ ನಾಚಿಕೆ.

ಆದ್ರೆ ಒಂದು ಕಡೆ ನನ್ನ ವಾದಾನೇ ಕಾಲಿಗೆ ತೊಡರ್ಕೊಳ್ಳುತ್ತೆ. 2022ರಲ್ಲಿ ಅವ್ರಿಲ್ ಲವ್ ಸಕ್ಸ್ ಅನ್ನೋ ಆಲ್ಬಮ್ ತಂದ್ಳು, 12 ಹಾಡು, ಅರ್ಧ ಗಂಟೆ ಚಿಲ್ರೆ, ಬ್ಲಿಂಕ್-182 ಅನ್ನೋ ಪಾಪ್-ಪಂಕ್ ಬ್ಯಾಂಡಿನ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಲೇಬಲಲ್ಲಿ, ಅವನೇ ಒಬ್ಬ ಪ್ರೊಡ್ಯೂಸರು, ಒಂದು ಹಾಡಿಗೆ ಅದೇ ಬ್ಯಾಂಡಿನ ಮಾರ್ಕ್ ಹೋಪಸ್ ಕೂಡ ಬಂದು ದನಿ ಸೇರಿಸಿದಾನೆ. ಕೇಳಿದ್ರೆ ಶುರುವಿಂದ ಕೊನೇ ತನಕ ಪಾಪ್-ಪಂಕ್, ಎಲ್ಲೂ ಅನುಮಾನ ಇಲ್ಲ. 2002ರಲ್ಲಿ ಪಂಕ್ ಅಲ್ಲದಾಗ ಎಲ್ರೂ ಪಂಕ್ ಅಂತ ಕರೆದ್ರು, ನಿಜವಾಗ್ಲೂ ಹತ್ರ ಬಂದಾಗ ಆ ಊರೇ ಹಳೇ ಹಾಡಿನ ನಾಸ್ಟಾಲ್ಜಿಯಾ ಆಗಿಹೋಗಿತ್ತು. ಇದಕ್ಕೆ ಯಾವ ನಂಬರ್ ಹಾಕ್ಲಿ? ನಾನಂತೂ 43 ಹಾಕ್ತೀನಿ. ಲೆಟ್ ಗೋಗೆ 13. ಲೂಸಿಂಗ್ ಗ್ರಿಪ್ ಒಂದಕ್ಕೆ 17. ಹಾಡಿಗೆ ಹಾಕ್ತೀನಿ, ಆಳಿಗೆ ಹಾಕಲ್ಲ.

ಇದಿಷ್ಟನ್ನೂ ಹುಡುಗಿಗೆ ಮುಕ್ಕಾಲು ಗಂಟೆ ಕೊರೆದೆ. ಎಲ್ಲ ಕೇಳಿಸ್ಕೊಂಡು, "ಮಾಮಾ, ನಮ್ಮ ಫೋನಲ್ಲಿ ಜಾನರ್ ಎಲ್ಲ ಯಾರು ನೋಡ್ತಾರೆ, ನಾನು ಇದ್ನ ಮಳೆ ಬಂದಾಗ ಕೇಳೋ ಪ್ಲೇಲಿಸ್ಟಲ್ಲಿ ಹಾಕಿದೀನಿ" ಅಂದ್ಲು. ಪಕ್ಕದಲ್ಲಿ ರೂಮ್‌ಮೇಟು ಮತ್ತೆ ನಗೋದು ಕೇಳಿಸ್ತು. ಹಳೇ ಹಾರ್ಡ್ ಡಿಸ್ಕ್ ಅಟ್ಟದ ಮೇಲೆಲ್ಲೋ ಇದೆ, ಅದ್ರಲ್ಲಿ ಕಾಂಪ್ಲಿಕೇಟೆಡ್ ಇನ್ನೂ 43 ಅಂತಾನೇ ಇರ್ಬೇಕು.