ಡ್ರೈವರ್ ಇಲ್ಲದ ರೈಲಿನಲ್ಲಿ ಪಾರ್ಸಲ್

ನಮ್ಮ ಮಡಿಕೇರಿ ಕಡೆ ಬಸ್ಸಿನಲ್ಲಿ ಜನರಷ್ಟೇ ಚೀಲಗಳೂ ಪ್ರಯಾಣ ಮಾಡುತ್ತವೆ. ಡ್ರೈವರ್ ಕೈಗೆ ಕೊಟ್ಟು ‘ಮಾದಾಪುರದಲ್ಲಿ ನಮ್ಮಕ್ಕ ನಿಂತಿರ್ತಾರೆ’ ಅಂದರೆ ಮುಗಿಯಿತು. ಔಷಧಿ, ಮೀನು, ಟೈಲರ್ ಹೊಲಿದ ರವಿಕೆ, ಪಂಪಿನ ವಾಷರ್, ಎಲ್ಲ ಹೀಗೇ ಊರು ಸೇರುತ್ತವೆ. ಗೇಟಿನ ಹತ್ತಿರ ಎರಡು ಸಲ ಹಾರ್ನ್ ಹೊಡೆದರೆ ಮನೆಯವರು ಓಡಿ ಬರುತ್ತಾರೆ. ಈ ಡ್ರೈವರುಗಳ ತಲೆನೋವು ಎಂಥದ್ದು ಅಂತ ನನಗೆ ಗೊತ್ತಾಗಿದ್ದು ಸಿಂಗಾಪುರದಲ್ಲಿ.

ನಾನು, ನನ್ನ ಹೆಂಡತಿ ಮಲೇಷ್ಯಾ, ಸಿಂಗಾಪುರದ ಗ್ರೂಪ್ ಟೂರಿಗೆ ಹೊರಟಿದ್ದೆವು. 6 ದಿನ, 38 ಜನ, ಒಂದು ಬಾವುಟ. ಹಿಂದಿನ ದಿನ ಅಕ್ಕ ಬಂದು 4 ಕೆಜಿ ಸಾಮಾನು ಇಳಿಸಿದಳು. ಅವಳ ಮಗಳು ಇರುವುದು ಸಿಂಗಾಪುರದಲ್ಲಿ. ಕಾಫಿ ಪುಡಿ, ಕರಿಮೆಣಸು, ಕಡಂಬುಟ್ಟು ಅನ್ನುವ ನಮ್ಮ ಕಡುಬಿಗೆ ಒಂದು ಸ್ಟೀಲ್ ಡಬ್ಬ ಅಕ್ಕಿ ತರಿ, ಒಂದು ಬಾಟ್ಲಿ ಕಾಚಂಪುಳಿ. ಹಂದಿ ಉಪ್ಪಿನಕಾಯಿಯನ್ನೂ ತಂದಿದ್ದಳು. ಇಲ್ಲಿಂದ ಮಾಂಸ ಒಯ್ಯಲು ಅಲ್ಲಿಯವರು ಬಿಡುವುದಿಲ್ಲ ಅಂತ ಹೇಳಿ ಅದನ್ನು ನಾವೇ ಇಟ್ಟುಕೊಂಡೆವು. ಕಾನೂನು ಪಾಲಿಸುವುದರಲ್ಲಿ ಒಮ್ಮೊಮ್ಮೆ ರುಚಿಯೂ ಇರುತ್ತದೆ.

‘ಏನಾದ್ರೂ ಬಿಟ್ಟು ಬಾ, ಡಬ್ಬ ಮಾತ್ರ ಬಿಡಬೇಡ ಕಣೋ’ ಅಂದಳು ಅಕ್ಕ.

ಕಾಚಂಪುಳಿ ಅಂದರೆ ಹುಳಿ ಹಣ್ಣಿನ ರಸವನ್ನು ಕುದಿಸಿ ಕುದಿಸಿ, ಟಾರಿನ ಹಾಗೆ ಕಪ್ಪಗೆ ಮಾಡಿದ್ದು. ಹಂದಿ ಕರಿಗೆ, ಕೊಡವರ ಮಾತಿನಲ್ಲಿ ಪಂದಿ ಕರಿಗೆ, ಅದು ಬೀಳದಿದ್ದರೆ ಕೊಡಗಿನಲ್ಲಿ ಅದನ್ನು ಕರಿ ಅನ್ನುವುದೇ ಇಲ್ಲ. ಅಕ್ಕ ಅದನ್ನು ತುಂಬಿದ್ದು ಹಳೇ ರಮ್ ಬಾಟ್ಲಿಗೆ. ವಿಮಾನದಲ್ಲಿ ಕೈಚೀಲಕ್ಕೆ 100 ಮಿಲಿಗಿಂತ ದೊಡ್ಡ ಬಾಟ್ಲಿ ಹಾಕುವ ಹಾಗಿಲ್ಲ. ಹಾಗಾಗಿ ನನ್ನ ಎರಡು ಬನಿಯನ್ ಸುತ್ತಿ ಸೂಟ್‌ಕೇಸಿನ ನಡುವೆ ಮಲಗಿಸಿದೆ. ಅಲ್ಲಿಗೆ ನನ್ನ ನೆಮ್ಮದಿ ಹೋಯಿತು. ಕ್ವಾಲಾಲಂಪುರದಲ್ಲಿ 88 ಅಂತಸ್ತಿನ ಪೆಟ್ರೋನಾಸ್ ಗೋಪುರದ ಕೆಳಗೆ ಎಲ್ಲರೂ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದರೆ ನನಗೆ ಬಾಟ್ಲಿ ಸೋರಿದ್ದರೆ ಏನು ಗತಿ ಅನ್ನುವ ಯೋಚನೆ. ಬಾಟು ಗುಹೆಯ 272 ಮೆಟ್ಟಿಲು ಹತ್ತಿ ಮುರುಗನ ಹತ್ತಿರ ಬೇಡಿಕೊಂಡಿದ್ದೂ ಅದನ್ನೇ.

ಮುರುಗ ಸೋರದಂತೆ ನೋಡಿಕೊಂಡ. ಕಸ್ಟಮ್ಸ್ ವಿಷಯ ಹೇಳುವುದನ್ನು ನಾನೇ ಮರೆತಿದ್ದೆ. ಮಲೇಷ್ಯಾದಿಂದ ಸಿಂಗಾಪುರದೊಳಕ್ಕೆ ಹೋಗುವವರಿಗೆ ಮದ್ಯದ ಸುಂಕದಲ್ಲಿ ವಿನಾಯಿತಿ ಇಲ್ಲ. ನಮ್ಮ ಬಾಟ್ಲಿಯ ಮೇಲೆ ರಮ್ಮಿನ ಲೇಬಲ್ ಅರ್ಧ ಕಿತ್ತು ಅರ್ಧ ಉಳಿದಿತ್ತು. ಅಧಿಕಾರಿ ಎತ್ತಿ ಹಿಡಿದು ಇದೇನು ಅಂದರು. ‘ವಿನೆಗರ್’ ಅಂದೆ. ಅದಕ್ಕಿಂತ ಹೆಚ್ಚಿನ ಇಂಗ್ಲಿಷ್ ಕಾಚಂಪುಳಿಗೆ ಎಲ್ಲಿದೆ? ಅವರು ಮುಚ್ಚಳ ತೆಗೆದು ಮೂಸಿ ನೋಡಿದರು. ಮುಖ ಒಂದು ಕ್ಷಣ ಮುದುಡಿತು. ಮುಚ್ಚಳವನ್ನು ಅವರೇ ಬಿಗಿಯಾಗಿ ತಿರುಗಿಸಿ ವಾಪಸ್ ಕೊಟ್ಟರು.

ಕೊನೆಯ ದಿನ ಲಿಟಲ್ ಇಂಡಿಯಾದಲ್ಲಿ ದೋಸೆ ತಿಂದೆವು. ಟೂರ್ ಮ್ಯಾನೇಜರ್‌ಗೆ ಕವರಿನಲ್ಲಿ ದುಡ್ಡು, ಗ್ರೂಪ್ ಫೋಟೋ, ನಂಬರ್ ಬದಲಾವಣೆ. ಮೊದಲ ದಿನ ಕಿಟಕಿ ಸೀಟಿಗೆ ಜಗಳ ಆಡಿದ್ದ ಇಬ್ಬರು ಕಣ್ಣು ಒರೆಸಿಕೊಂಡರು. ಎಲ್ಲರೂ ಹೇಳಿದ್ದು ಒಂದೇ ಮಾತು, ‘ಕೂರ್ಗಿಗೆ ಬಂದೇ ಬರ್ತೀವಿ, ನಿಮ್ಮನೇಲೇ ಉಳ್ಕೊಳ್ಳೋದು.’ ಬೇರೆ ಊರಿನವರಿಗೆ ಇದು ಸುಮ್ನೆ ಉಪಚಾರದ ಮಾತು. ನಮಗೆ ಭಯ. ನಮ್ಮಲ್ಲಿಗೆ ನಿಜವಾಗಿಯೂ ಬರುತ್ತಾರೆ, ಡಿಸೆಂಬರ್ ಕೊನೆಯ ವಾರ, 14 ಜನ.

ಮಿಕ್ಕವರು ಶಾಪಿಂಗಿಗೆ ಹೊರಟರು. ನಾವು ಸಂಜೆ ನೇರವಾಗಿ ಏರ್‌ಪೋರ್ಟಿಗೆ ಬರುತ್ತೇವೆ ಅಂತ ಕಾಗದಕ್ಕೆ ಸಹಿ ಹಾಕಿಕೊಟ್ಟು ಸೊಸೆಯ ಜೊತೆ ಹೊರಟೆವು. ಸೊಸೆ ಅಂದರೆ ಅಕ್ಕನ ಮಗಳೇ. ಪುಂಗೋಲ್ ಕಡೆಗೆ ನೆಲದಡಿಯ ರೈಲು. ಅದಕ್ಕೆ ಡ್ರೈವರೇ ಇಲ್ಲ, 2003ರಲ್ಲಿ ಶುರುವಾದಾಗಿನಿಂದ ಹಾಗೇ ಓಡುತ್ತಿದೆಯಂತೆ. ನಮ್ಮದು ರೈಲೇ ಇಲ್ಲದ ಜಿಲ್ಲೆ. ನಾನು ಮುಂದಿನ ಗಾಜಿನ ಹತ್ತಿರ ಹೋಗಿ ಸುರಂಗ ನೋಡಿದೆ. ಆಮೇಲೆ ಕೇಳಿಯೇ ಬಿಟ್ಟೆ, ‘ಡ್ರೈವರ್ ಇಲ್ಲ ಅಂದ್ರೆ ಪಾರ್ಸಲ್ ಯಾರ ಕೈಲಿ ಕೊಡ್ತೀರಾ?’

‘ಅದಕ್ಕೇ ಅಲ್ವಾ ಮಾವ, ನೀವು ಬಂದಿರೋದು’ ಅಂದಳು.

ಅವರದು ಸರ್ಕಾರದವರು ಕಟ್ಟಿಸಿದ ಎತ್ತರದ ಕಟ್ಟಡದಲ್ಲಿ ಮನೆ. ಅಲ್ಲಿ ಮುಕ್ಕಾಲು ಪಾಲು ಜನ ಇರುವುದು ಅಂಥವುಗಳಲ್ಲೇ. ಕಿಟಕಿಯಿಂದ ಆಚೆಗೆ ಬಿದಿರು ಗಳು ಚಾಚಿ ಬಟ್ಟೆ ಒಣಗಿಸುತ್ತಾರೆ. ಅಷ್ಟು ಎತ್ತರದಿಂದ ಒಂದು ಚಡ್ಡಿ ಜಾರಿದರೆ ಯಾರ ತಲೆ ಮೇಲೆ ಬೀಳುತ್ತೋ ಅಂತ ನನ್ನ ಹೆಂಡತಿಗೆ ಹೊರಡುವವರೆಗೂ ಚಿಂತೆ.

ಸೊಸೆ ಹಂದಿ ಮಾಂಸ ಬೇಯಿಸಿಟ್ಟು ನಮ್ಮ ಬಾಟ್ಲಿಗೇ ಕಾಯುತ್ತಿದ್ದಳು. ಕಾಚಂಪುಳಿ ಒಂದು ಚಮಚ ಬಿದ್ದಿದ್ದೇ ತಡ, ಮನೆ ಪೂರ್ತಿ ಮಾದಾಪುರದ ವಾಸನೆ. ಅವಳು ಚಮಚ ನೆಕ್ಕಿ, ಮಾತಾಡದೆ ಸಿಂಕಿನ ಕಡೆ ತಿರುಗಿದಳು. ನಾವೂ ನೋಡದ ಹಾಗೆ ಕೂತೆವು.

ಊಟದ ಹೊತ್ತಿಗೆ ಅಳಿಯಂದಿರು ಲೆಕ್ಕ ಹೇಳಿದರು. ಸಿಂಗಾಪುರ ಸುಮಾರು 735 ಚದರ ಕಿಲೋಮೀಟರ್, ಕೊಡಗು 4,102. ಅಂದರೆ ನಮ್ಮ ಜಿಲ್ಲೆಯಲ್ಲಿ ಐದು ಸಿಂಗಾಪುರ ಹಿಡಿದು ಜಾಗ ಉಳಿಯುತ್ತದೆ. ಅಲ್ಲಿಯ ಅತಿ ಎತ್ತರದ ಬೆಟ್ಟ ಬುಕಿತ್ ತಿಮಾ, 164 ಮೀಟರ್. ನಮ್ಮ ತಡಿಯಂಡಮೋಳ್ 1,748. ‘ನಿಮ್ಮ ಬೆಟ್ಟದಷ್ಟು ಎತ್ತರಕ್ಕೆ ನಮ್ಮಲ್ಲಿ ಹಸು ಮೇಯೋಕೆ ಹೋಗುತ್ತೆ’ ಅಂದೆ, ಸ್ವಲ್ಪ ಜಂಬದಿಂದಲೇ. ‘ಹೌದು ಮಾವ, ಮಳೆಗಾಲದಲ್ಲಿ ಈಗ ಕರೆಂಟ್ ಇರುತ್ತಾ?’ ಅಂದರು. ನಾನು ಇನ್ನೊಂದು ಕಡಂಬುಟ್ಟು ಹಾಕಿಸಿಕೊಂಡೆ.

ಹೊರಡುವಾಗ ಸೊಸೆ ಚೀಲ ತಂದಿಟ್ಟಳು. ಅಮ್ಮನ ಮಂಡಿಗೆ ಹುಲಿ ಚಿತ್ರದ ಮುಲಾಮು, ಚಾಕೊಲೇಟು, ಮಗು ಬರೆದ ಚಿತ್ರ, ಸೂಟ್‌ಕೇಸಿಗಿಂತ ಉದ್ದದ ಛತ್ರಿ. ಮೇಲೆ ಅದೇ ಸ್ಟೀಲ್ ಡಬ್ಬ. ಖಾಲಿ ಡಬ್ಬ ವಾಪಸ್ ಕೊಡಬಾರದು ಅಂತ ಅಕ್ಕನೇ ಕಲಿಸಿದ್ದಲ್ವಾ, ಅದರ ತುಂಬ ಪಂದನ್ ಅನ್ನುವ ಎಲೆ ಹಾಕಿ ಮಾಡಿದ ಹಸಿರು ಬಣ್ಣದ ಕೇಕ್. ತೂಗಿದರೆ 5 ಕೆಜಿ. ತಂದಿದ್ದಕ್ಕಿಂತ ಒಂದು ಕೆಜಿ ಜಾಸ್ತಿ.

ಚಾಂಗಿ ಏರ್‌ಪೋರ್ಟಿನಲ್ಲಿ ಟೂರ್ ಮ್ಯಾನೇಜರ್ ತಲೆ ಎಣಿಸಿ 38 ಅಂದು ಉಸಿರು ಬಿಟ್ಟರು. ಅಲ್ಲಿ ಕಟ್ಟಡದ ಒಳಗೇ 40 ಮೀಟರ್ ಎತ್ತರದಿಂದ ಜಲಪಾತ ಬೀಳುತ್ತದೆ. ಎಲ್ಲರೂ ಫೋಟೋ ತೆಗೆದರು. ನಾನು ಛತ್ರಿ ಹಿಡಿದುಕೊಂಡು ನಿಂತಿದ್ದೆ.

ಮಡಿಕೇರಿ ತಲುಪಿದ ಮಾರನೇ ದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ ಚೀಲವನ್ನು ಮಾದಾಪುರದ ಮೇಲೆ ಹೋಗುವ ಸೋಮವಾರಪೇಟೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟೆ.

‘ಡಬ್ಬದಲ್ಲಿ ಏನಿದೆ ಸಾರ್?’

‘ಪಂದನ್ ಕೇಕ್. ಸಿಂಗಾಪುರದ್ದು.’

‘ಪಂದಿ ಕೇಕಾ?’

ಮುಚ್ಚಳ ತೆಗೆದು ಮೂಸಿ ನೋಡಿದರು. ಆಮೇಲೆ ಬಿಗಿಯಾಗಿ ಮುಚ್ಚಿ, ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡರು.